ಕಲಶದ ಚೊಂಬಿನ ಮೇಲಿನ ಮೂರು ಸಾಲು: ಮನೆಯ ಬೆಳ್ಳಿಯನ್ನು ಓದುವುದು

ಶಾಸನ ಎಂದ ಕೂಡಲೇ ನಮಗೆ ನೆನಪಾಗುವುದು ಊರ ಹೊರಗಿನ ವೀರಗಲ್ಲು, ದೇವಸ್ಥಾನದ ಅಂಗಳದಲ್ಲಿ ಅರ್ಧ ಹೂತುಹೋದ ಕಲ್ಲು, ಹೆಚ್ಚೆಂದರೆ ತಾಮ್ರಪಟ. ಈ ಸಲ ನಾನು ಬರೆಯುತ್ತಿರುವುದು ನಮ್ಮ ಮನೆಯ ಬೀರುವಿನಲ್ಲಿ, ಹಳೇ ಮಲ್ಲು ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಬೆಳ್ಳಿ ಚೊಂಬಿನ ಬಗ್ಗೆ. ಅದರ ಮೇಲೆ ಮೂರು ಚಿಕ್ಕ ಸಾಲುಗಳಿವೆ. ಅವನ್ನು ಸರಿಯಾಗಿ ಓದುವುದಕ್ಕೆ ನನಗೆ ಹತ್ತು ದಿನ ಬೇಕಾಯಿತು. ಇನ್ನೂ ನಾಲ್ಕು ದಿನ ತಡವಾಗಿದ್ದರೆ ಓದುವುದಕ್ಕೆ ಚೊಂಬೇ ಇರುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರವಿತ್ತು. ಅಮ್ಮನಿಗೆ ಬಹಳ ದಿನದಿಂದ ಒಂದು ಆಸೆ: ಬೆಳ್ಳಿಯ ದೊಡ್ಡ ಲಕ್ಷ್ಮಿ ಮುಖವಾಡ, ಜೊತೆಗೆ ಕೈ, ಪಾದ. ಈಗ ಎಲ್ಲರ ಮನೆಯಲ್ಲೂ ಹಾಗೇ ಕೂರಿಸುತ್ತಾರೆ. ಹಳೇ ಬೆಳ್ಳಿ ಕೊಟ್ಟು ಹೊಸದು ತರೋಣ ಎಂದು ಎರಡು ಕುಂಕುಮದ ಬಟ್ಟಲು, ಕಾಲು ಮುರಿದ ಒಂದು ದೀಪ ಮತ್ತು ಈ ಚೊಂಬು ಅಂಗಡಿಗೆ ಹೋದವು. ಅಂಗಡಿಯವರು ಚೊಂಬನ್ನು ತೂಗಿದರು: 538 ಗ್ರಾಂ. ಯಂತ್ರಕ್ಕೆ ಹಿಡಿದರು: ಟಚ್ 91 ಚಿಲ್ಲರೆ. ಹಳೇ ಬೆಳ್ಳಿಯ ಲೆಕ್ಕದಲ್ಲಿ ಇಷ್ಟು ಕಳೆದು ಇಷ್ಟು ಕೊಡ್ತೀವಿ ಅಂದರು. ಅಮ್ಮ ಒಂದು ಸಲ ಯೋಚನೆ ಮಾಡಿ ಹೇಳ್ತೀನಿ ಎಂದು ವಾಪಸ್ ತಂದಳು. ಅದು ದರದ ವಿಷಯಕ್ಕೆ, ಶಾಸನದ ವಿಷಯಕ್ಕಲ್ಲ.

ಆ ಸಂಜೆ ಚೊಂಬನ್ನು ಕೈಗೆತ್ತಿಕೊಂಡಾಗ ಕಂಠದ ಕೆಳಗೆ ಏನೋ ಬರಹ ಕಂಡಿತು. “ಅದಾ? ಅಂಗಡಿಯವರ ನಂಬರು. ನಂಬರ್ ನಲವತ್ತಾರು ಅಂತಿದೆ ನೋಡು” ಅಂದಳು ಅಮ್ಮ. ನಿಜ, ಕಂಠದ ಕೆಳಗೆ ‘ನಂ’ ಎಂಬುದು ಕಾಣುತ್ತಿತ್ತು, ತಳದ ಬಳೆಯ ಮೇಲೆ ೪೬ರ ಹಾಗೆ ಏನೋ ಇತ್ತು. ಮನೆಯಲ್ಲಿ ಎಲ್ಲರೂ ಅದನ್ನು ಹಾಗೇ ಓದಿಕೊಂಡು ಬಂದಿದ್ದರು.

ಇಷ್ಟು ವರ್ಷ ಯಾರೂ ಯಾಕೆ ಸರಿಯಾಗಿ ನೋಡಲಿಲ್ಲ ಎನ್ನುವುದಕ್ಕೆ ಕಾರಣ ಹಬ್ಬದಲ್ಲೇ ಇದೆ. ಕಲಶ ಕೂರಿಸುವ ಕ್ರಮ ನೆನಪಿಸಿಕೊಳ್ಳಿ. ಚೊಂಬಿಗೆ ಅಕ್ಕಿಯನ್ನೋ ನೀರನ್ನೋ ತುಂಬಿ, ನಾಣ್ಯ, ಅಡಿಕೆ, ಉತ್ತುತ್ತೆ ಹಾಕಿ, ಬಾಯಿಗೆ ವೀಳ್ಯದೆಲೆಯೋ ಮಾವಿನೆಲೆಯೋ ಇಟ್ಟು, ಮೇಲೆ ತೆಂಗಿನಕಾಯಿ. ಕಾಯಿಗೆ ಮುಖವಾಡ ಕಟ್ಟುತ್ತೇವೆ. ಆಮೇಲೆ ಸೀರೆಯ ನೆರಿಗೆ ಹಿಡಿದು ಇಡೀ ಚೊಂಬನ್ನು ಮುಚ್ಚಿಬಿಡುತ್ತೇವೆ. ಹಬ್ಬದ ದಿನ ಕಾಣುವುದು ದೇವಿಯ ಮುಖ ಮತ್ತು ಸೀರೆ. ಬರಹವಿರುವ ಜಾಗ ಸೀರೆಯೊಳಗೆ. ಮಾರನೆಯ ದಿನ ವಿಸರ್ಜನೆ, ಹುಣಸೆಹಣ್ಣು, ವಿಭೂತಿ, ಮತ್ತೆ ಪಂಚೆಯೊಳಗೆ.

ಈ ಹುಣಸೆಹಣ್ಣು ವಿಭೂತಿಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶ ಸೇರಿ. ಆ ಕಪ್ಪು ಅಕ್ಷರದ ಗುಳಿಗಳಲ್ಲಿ ಉಳಿದುಕೊಳ್ಳುತ್ತದೆ. ಗೃಹಿಣಿಗೆ ಅದು ಕೊಳೆ, ಓದುವವರಿಗೆ ಅದೇ ಮಸಿ. ಹಬ್ಬಕ್ಕೆ ಫಳಫಳ ಹೊಳೆಯುವಂತೆ ಉಜ್ಜಿದ ಚೊಂಬಿನ ಮೇಲೆ ಅಕ್ಷರ ಓದುವುದು ಕಷ್ಟ. ಉಜ್ಜುವ ಮುಂಚೆಯೇ ಓದಬೇಕು. ಕಲ್ಲಿನ ಶಾಸನಕ್ಕೆ ಒದ್ದೆ ಕಾಗದ ಹಾಕಿ ಬ್ರಷ್‌ನಲ್ಲಿ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಹಾಗೆ ಇಲ್ಲಿ ಮಾಡಬೇಕಾಗಿಲ್ಲ. ನಾನು ಮಾಡಿದ್ದು ಇಷ್ಟೇ: ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಚೊಂಬಿನ ಮೈಗೆ ಸವರಿದ ಹಾಗೆ ಹಿಡಿದೆ. ನೇರವಾಗಿ ಹಿಡಿದರೆ ಬರೀ ಹೊಳಪು. ಪಕ್ಕದಿಂದ ಹಿಡಿದರೆ ಪ್ರತಿ ಗುಳಿಗೂ ಒಂದು ನೆರಳು. ಆಮೇಲೆ ತೆಳು ಕಾಗದ ಹೊದಿಸಿ ಮೆತ್ತಗಿನ ಪೆನ್ಸಿಲಿನಿಂದ ತೀಡಿದೆ.

ಅಕ್ಷರಗಳು ಗೆರೆಯಲ್ಲಿ ಕೆತ್ತಿದವಲ್ಲ, ಚುಕ್ಕೆಗಳಲ್ಲಿ ಹೊಡೆದವು. ಪಾತ್ರೆ ಅಂಗಡಿಯಲ್ಲಿ ‘ಹೆಸರು ಹಾಕಿಸೋದು’ ಅನ್ನುತ್ತೇವಲ್ಲ, ಅದೇ. ಚೂಪಾದ ಉಳಿ, ಪುಟ್ಟ ಸುತ್ತಿಗೆ, ಟಕಟಕ ಎಂದು ಒಂದೊಂದೇ ಚುಕ್ಕೆ. ಈಗ ಕರೆಂಟಿನ ಯಂತ್ರ ಬಂದಿದೆ, ಗೆರೆ ಗುಂಡಗೆ ಓಡುತ್ತದೆ. ಚುಕ್ಕೆ ಅಕ್ಷರದಲ್ಲಿ ಬರೆದವನ ಕೈ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸೊನ್ನೆಯನ್ನು ಒಂದೇ ಚುಕ್ಕೆಯಲ್ಲಿ ಹೊಡೆದರೆ ಅಕ್ಷರದ ಚುಕ್ಕೆಗಳ ನಡುವೆ ಅದು ಕಳೆದುಹೋಗುತ್ತದೆ. ಹಾಗಾಗಿ ನಮ್ಮ ಚೊಂಬಿನವನು ಐದು ಚುಕ್ಕೆಗಳನ್ನು ಬಳೆಯ ಹಾಗೆ ಜೋಡಿಸಿ, ಬಲಗಡೆ ಸ್ವಲ್ಪ ಬಿಟ್ಟಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಲುಗಳು ಹೀಗಿವೆ. ಕಂಠದ ಕೆಳಗೆ ಎರಡು, ತಳದ ಬಳೆಯ ಮೇಲೆ ಒಂದು:

ಸೌ॥ ನಂ॥ ಬಳುವಳಿ
ಧಾತು ಸಂ॥ ಶ್ರಾವಣ
೪೬॥ ತೂ॥

ಮೊದಲ ಸಾಲಿನ ‘ಸೌ’ ಬಹಳ ಸವೆದಿದೆ. ‘ಬಳುವಳಿ’ಯಲ್ಲಿ ‘ಬ’ ಮತ್ತು ‘ವಳಿ’ ಸ್ಪಷ್ಟ, ನಡುವಿನದು ಊಹೆ. ಉಳಿದವು ಅನುಮಾನವಿಲ್ಲದವು.

ಮೂರೂ ಸಾಲಿನಲ್ಲಿ ಬಂದಿರುವ ಆ ಜೋಡಿ ಗೆರೆ ನೋಡಿ. ಹಳೇ ಕನ್ನಡ ಕಾಗದಪತ್ರ, ಲೆಕ್ಕದ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ಶಬ್ದವನ್ನು ಮೊಟಕು ಮಾಡಿದಾಗ ಮುಂದೆ ಎರಡು ಗೆರೆ ಎಳೆಯುವುದು ರೂಢಿ. ಸೌ॥ ಅಂದರೆ ಸೌಭಾಗ್ಯವತಿ, ಸಂ॥ ಅಂದರೆ ಸಂವತ್ಸರ, ತೂ॥ ಅಂದರೆ ತೂಕ. ಹಾಗಾದರೆ ನಂ॥ ನಂಬರಲ್ಲ; ಸೌಭಾಗ್ಯವತಿ ಆದ ಮೇಲೆ ಬರಬೇಕಾದ್ದು ಹೆಂಗಸಿನ ಹೆಸರು, ಅದರ ಮೊದಲ ಅಕ್ಷರ. ಆದರೆ ಅಂಕಿಯ ಮುಂದೆ ಬಂದಾಗ ಅದೇ ಜೋಡಿ ಗೆರೆಯ ಅರ್ಥ ಬೇರೆ. ಹಳೇ ಲೆಕ್ಕದಲ್ಲಿ ಒಂದು ಗೆರೆ ಕಾಲು, ಎರಡು ಗೆರೆ ಅರ್ಧ, ಎರಡರ ಪಕ್ಕದಲ್ಲಿ ಇನ್ನೊಂದು ಇದ್ದರೆ ಮುಕ್ಕಾಲು. ಆದ್ದರಿಂದ ೪೬॥ ಅಂದರೆ ನಲವತ್ತಾರೂವರೆ. ನಾನೂ ಮೊದಲು ಅದನ್ನು ಸಾಲು ಮುಗಿಸಿದ ಗುರುತು ಎಂದೇ ತಿಳಿದಿದ್ದೆ. ಶಾಸನದ ಕೊನೆಗೆ ಜೋಡಿ ದಂಡ ನೋಡಿ ನೋಡಿ ಅಭ್ಯಾಸವಾದವರಿಗೆ ಆಗುವ ತಪ್ಪು ಇದು.

ನಲವತ್ತಾರೂವರೆ ಏನು? ತೊಲ. ಇಲ್ಲಿ ಇನ್ನೊಂದು ತೊಡಕಿತ್ತು. ಚುಕ್ಕೆಯಲ್ಲಿ ಹೊಡೆದ ಕನ್ನಡದ ೬ ಮತ್ತು ೯ ಒಂದನ್ನೊಂದು ಬಹಳ ಹೋಲುತ್ತವೆ. ನನ್ನ ಪೆನ್ಸಿಲ್ ಅಚ್ಚಿನಲ್ಲಿ ಅದು ೪೯ರ ಹಾಗೂ ಕಾಣುತ್ತಿತ್ತು. ಕಲ್ಲಿನ ಮೇಲೆ ಇಂಥ ಅನುಮಾನ ಬಂದರೆ ಪರಿಹಾರ ಸುಲಭವಲ್ಲ. ಬೆಳ್ಳಿಯಲ್ಲಿ ಒಂದು ಅನುಕೂಲವಿದೆ: ಬರಹ ಯಾವ ವಸ್ತುವಿನ ತೂಕ ಹೇಳುತ್ತದೋ ಆ ವಸ್ತು ನಮ್ಮ ಕೈಯಲ್ಲೇ ಇದೆ. ಬ್ರಿಟಿಷರ ಕಾಲದ ತೊಲ 180 ಗ್ರೇನ್, ಅಂದರೆ 11.66 ಗ್ರಾಂ. ನಲವತ್ತೊಂಬತ್ತೂವರೆ ತೊಲವಾದರೆ 577 ಗ್ರಾಂ ಇರಬೇಕು. ನಲವತ್ತಾರೂವರೆಯಾದರೆ 542 ಗ್ರಾಂ. ಅಂಗಡಿಯ ತಕ್ಕಡಿ ಹೇಳಿದ್ದು 538. ನಾಲ್ಕು ಗ್ರಾಂ ವಿಭೂತಿಯ ಪಾಲು. ಮೂವತ್ತೊಂಬತ್ತು ಗ್ರಾಂ ಸವೆಯುವಷ್ಟು ನಮ್ಮ ಮನೆಯಲ್ಲಿ ಯಾರೂ ಉಜ್ಜಿಲ್ಲ. ಹಾಗಾಗಿ ಅದು ೬.

ತೊಲಕ್ಕೂ ರೂಪಾಯಿಗೂ ಇರುವ ನಂಟನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಹಳೇ ಬೆಳ್ಳಿಯನ್ನು ಓದುವಾಗ ಇದು ಪದೇ ಪದೇ ಬರುತ್ತದೆ. ಆಗಿನ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ತಕ್ಕಡಿಯ ಒಂದು ಕಡೆ ಚೊಂಬು, ಇನ್ನೊಂದು ಕಡೆ ನಲವತ್ತಾರು ರೂಪಾಯಿ ಮತ್ತು ಒಂದು ಅರ್ಧ ರೂಪಾಯಿ ನಾಣ್ಯ ಇಟ್ಟರೆ ಮುಗಿಯಿತು, ಬೇರೆ ತೂಕದ ಕಲ್ಲೇ ಬೇಡ. ಕೆಲವು ಪಾತ್ರೆಗಳ ಮೇಲೆ ‘ರೂ॥’ ಎಂದು ಬರೆದು ಅಂಕಿ ಹಾಕಿರುವುದನ್ನು ಬೆಲೆ ಎಂದುಕೊಳ್ಳುವ ಮುಂಚೆ ಒಮ್ಮೆ ತೂಗಿ ನೋಡಿ, ಅದು ತೂಕವೇ ಇರಬಹುದು. ಆ ನಾಣ್ಯದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.7. 1940ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ನಮ್ಮ ಚೊಂಬಿನ ಟಚ್ 91 ಚಿಲ್ಲರೆ ಎಂದು ಯಂತ್ರ ತೋರಿಸಿದ್ದು ನೆನಪಿದೆಯಲ್ಲ. ರೂಪಾಯಿಗಳನ್ನೇ ಅಕ್ಕಸಾಲಿಗರ ಕೈಗೆ ಕೊಟ್ಟು ಕರಗಿಸಿ ಮಾಡಿಸಿದ್ದಿರಬಹುದು. ಬೆಸುಗೆಯಿಂದಲೂ ಟಚ್ ಇಳಿಯುತ್ತದೆ, ಆದ್ದರಿಂದ ಇದನ್ನು ಸಾಕ್ಷ್ಯ ಎನ್ನಲಾರೆ, ಸೂಚನೆ ಎನ್ನುತ್ತೇನೆ.

ಇನ್ನು ಎರಡನೇ ಸಾಲು. ಧಾತು ಸಂವತ್ಸರ, ಶ್ರಾವಣ ಮಾಸ. ಕಲ್ಲಿನ ಶಾಸನದಲ್ಲಾದರೆ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವೂ ಒಂದರ ಹಿಂದೊಂದು ಬರುತ್ತವೆ, ಒಂದನ್ನು ಇನ್ನೊಂದರಿಂದ ತಾಳೆ ನೋಡಬಹುದು. ಮನೆಯವರಿಗೆ ಅದೆಲ್ಲ ಬೇಕಿರಲಿಲ್ಲ. ಈ ವರ್ಷ ಯಾವುದು ಅಂತ ಅವರಿಗೆ ಗೊತ್ತಿತ್ತು. ನಮಗೆ ತಾನೇ ಗೊತ್ತಿಲ್ಲದ್ದು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು ಬಂದದ್ದು 1876–77ರಲ್ಲಿ, 1936–37ರಲ್ಲಿ, 1996–97ರಲ್ಲಿ. ಮೂರನೆಯದನ್ನು ತೊಲವೇ ತಳ್ಳಿಹಾಕುತ್ತದೆ: 1956ರ ಕಾನೂನಿನಿಂದ ಶುರುವಾಗಿ 1960ರ ದಶಕದ ಆರಂಭದ ಹೊತ್ತಿಗೆ ಅಂಗಡಿ ತೂಕವೆಲ್ಲ ಗ್ರಾಂ ಕಿಲೋಗೆ ಬದಲಾಗಿತ್ತು. ಉಳಿದದ್ದು ಎರಡು.

ಅಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. “ಧಾತು ಬರದಲ್ಲೂ ಮಾರದೆ ಉಳಿಸಿಕೊಂಡ ಬೆಳ್ಳಿ ಅಂತ ಅಜ್ಜಿ ಹೇಳ್ತಿದ್ರು” ಅಂದಳು. ಹಳೇ ಮೈಸೂರಿನ ಮನೆಗಳಲ್ಲಿ ಧಾತು ಎಂಬ ಹೆಸರಿಗೆ ಬೇರೆಯೇ ಭಾರವಿದೆ. 1876ರಿಂದ 78ರವರೆಗಿನ ದೊಡ್ಡ ಕ್ಷಾಮವನ್ನು ಜನ ಧಾತು ಈಶ್ವರ ಸಂವತ್ಸರಗಳ ಬರ ಎಂದೇ ನೆನಪಿಟ್ಟುಕೊಂಡರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ವರ್ಷದ ಶ್ರಾವಣದಲ್ಲಿ ಯಾರಾದರೂ ಮಗಳಿಗೆ ಅರ್ಧ ಕಿಲೋ ಬೆಳ್ಳಿ ಕೊಟ್ಟಿದ್ದರೆ ಅದು ದೊಡ್ಡ ಸುದ್ದಿಯೇ. ಕೊಟ್ಟಿರಬಾರದು ಎಂದೇನಿಲ್ಲ. ಆದರೆ ನನಗೆ ಅನಿಸಿದ್ದು ಬೇರೆ: ಚೊಂಬಿನ ಮೇಲೆ ಧಾತು ಎಂದು ಇರುವುದನ್ನು ಯಾರೋ ಒಮ್ಮೆ ಓದಿರಬೇಕು, ಧಾತು ಅಂದರೆ ಬರ ಎಂದು ಕಿವಿಯಲ್ಲಿತ್ತು, ಎರಡೂ ಸೇರಿ ಕಥೆಯಾಯಿತು. ಊರಿನ ಶಾಸನಗಳ ವಿಷಯದಲ್ಲೂ ಹೀಗಾಗುವುದನ್ನು ನೋಡಿದ್ದೇನೆ. ಒಂದು ಅಕ್ಷರ ಓದಲು ಬಂದರೆ ಉಳಿದದ್ದನ್ನು ಊರೇ ಬರೆದುಕೊಳ್ಳುತ್ತದೆ.

ಇದನ್ನು ಬಿಡಿಸಲು ತುಮಕೂರಿಗೆ, ದೊಡ್ಡಮ್ಮನ ಮನೆಗೆ ಹೋಗಬೇಕಾಯಿತು. ಅಜ್ಜಿಯ ಬೆಳ್ಳಿಯಲ್ಲಿ ಚೊಂಬು ಅಮ್ಮನಿಗೆ ಬಂದರೆ, ಆರತಿ ತಟ್ಟೆ, ಪಂಚಪಾತ್ರೆ ಮತ್ತು ಉದ್ಧರಣೆ ದೊಡ್ಡಮ್ಮನಿಗೆ ಹೋಗಿದ್ದವು. ತಟ್ಟೆಯನ್ನು ಕವುಚಿ ಟಾರ್ಚ್ ಹಿಡಿದೆ. ಹಿಂಬದಿಯ ಅಂಚಿನಲ್ಲಿ ‘ಸೌ॥ ನಂ॥’, ಅದರ ಪಕ್ಕದಲ್ಲಿ ೧೯೩೬. ‘ನಂ’ನ ಸೊನ್ನೆ ಐದು ಚುಕ್ಕೆ, ಬಲಗಡೆ ಬಿಟ್ಟಿದ್ದು. ಅದೇ ಉಳಿ, ಅದೇ ಕೈ. ಚೊಂಬಿನ ಧಾತು 1936ರ ಧಾತು.

ಅಲ್ಲಿಗೆ ಕಾಲ ಸಿಕ್ಕಿತು, ಆದರೆ ಹೊಸ ಪ್ರಶ್ನೆ ಎದ್ದಿತು. ಅಜ್ಜಿಯ ಮದುವೆ ಆದದ್ದು 1941ರಲ್ಲಿ. ಅಜ್ಜಿಯ ಹೆಸರು ‘ಸ’ದಿಂದ ಶುರುವಾಗುತ್ತದೆ. ಹಾಗಾದರೆ ಈ ‘ನಂ’ ಯಾರು? ನಾನು ಕೇಳುವ ಹೊತ್ತಿಗೆ ದೊಡ್ಡಮ್ಮ ತಟ್ಟೆಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸುತ್ತಿದ್ದರು.

“ಅದು ಅಮ್ಮಂದಲ್ಲ ಕಣೇ” ಅಂದರು. “ನಮ್ಮಪ್ಪಂಗೆ ಅದು ಎರಡನೇ ಸಂಬಂಧ. ಮೊದಲನೆಯವರು ಮೂರು ವರ್ಷವೂ ಬಾಳಲಿಲ್ಲವಂತೆ, ಹೆರಿಗೆಯಲ್ಲಿ ಹೋದರಂತೆ. ಮಗೂನೂ ಉಳೀಲಿಲ್ಲ. ಮನೇಲಿ ಯಾರೂ ಆ ಮಾತು ಎತ್ತುತಿರಲಿಲ್ಲ.” ಆಮೇಲೆ ಹೆಸರನ್ನೂ ಹೇಳಿದರು. ‘ನಂ’ದಿಂದಲೇ ಶುರುವಾಗುವ ಹೆಸರು. ಮನೆಯವರ ಇಷ್ಟದಂತೆ ಅದನ್ನಿಲ್ಲಿ ಪೂರ್ತಿ ಬರೆಯುತ್ತಿಲ್ಲ.

ಈಗ ಮೊದಲ ಸಾಲಿನ ಮೂರನೇ ಶಬ್ದ ತಾನಾಗಿ ಕೂತುಕೊಂಡಿತು. ಬಳುವಳಿ: ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುವುದು. ಹಳೆಯ ರೂಪ ಬಳಿವಳಿ. ಶ್ರಾವಣ ಯಾಕೆ ಎನ್ನುವುದಕ್ಕೂ ಉತ್ತರ ಸಿಗುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಮೊದಲ ಐದು ವರ್ಷ ಶ್ರಾವಣದ ಮಂಗಳವಾರಗಳಲ್ಲಿ ಮಂಗಳಗೌರಿ ವ್ರತ ಮಾಡುತ್ತಾರೆ, ಮೊದಲ ವರ್ಷದ್ದು ತವರುಮನೆಯಲ್ಲೇ. ಹೊಸದಾಗಿ ಮದುವೆಯಾದ ಮಗಳನ್ನು ಕರೆಸಿಕೊಂಡು, ವ್ರತ ಮಾಡಿಸಿ, ಮುಂದಿನ ಹಬ್ಬಗಳಿಗೆಲ್ಲ ಆಗಲಿ ಎಂದು ಕಲಶಕ್ಕೆ ಚೊಂಬು, ಆರತಿಗೆ ತಟ್ಟೆ ಕೊಟ್ಟು ಕಳಿಸಿದ್ದಾರೆ. ‘ಸೌ॥’ ಎಂಬ ಆ ಸವೆದ ಅಕ್ಷರ ಇಲ್ಲದೆ ಹೋಗಿದ್ದರೆ ‘ನಂ॥’ ನಂಬರಾಗಿಯೇ ಉಳಿಯುತ್ತಿತ್ತು.

ಹಾಗಾದರೆ ಅವರ ತವರಿನ ಬೆಳ್ಳಿ ನಮ್ಮ ಅಜ್ಜಿಯ ಕೈಗೆ ಬಂದದ್ದು ನ್ಯಾಯವೇ? ಇದನ್ನು ಕೇಳಿದ್ದು ದೊಡ್ಡಮ್ಮನೇ. ಹಳೇ ಧರ್ಮಶಾಸ್ತ್ರದ ಲೆಕ್ಕ ಹೇಳುವುದಾದರೆ, ವಿಜ್ಞಾನೇಶ್ವರನ ಮಿತಾಕ್ಷರ ಸ್ತ್ರೀಧನದ ವಿಷಯವನ್ನು ಉದ್ದಕ್ಕೆ ಚರ್ಚಿಸುತ್ತದೆ. ಅವನು ಬರೆದದ್ದು ನಮ್ಮ ಕಲ್ಯಾಣದಲ್ಲೇ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಶಾಸ್ತ್ರೋಕ್ತವಾಗಿ ಮದುವೆಯಾಗಿ ಮಕ್ಕಳಿಲ್ಲದೆ ತೀರಿಕೊಂಡವಳ ಸ್ತ್ರೀಧನ ಗಂಡನಿಗೆ ಎನ್ನುತ್ತದೆ ಮಿತಾಕ್ಷರ. ಆ ದಾರಿಯಲ್ಲೇ ಚೊಂಬು ತಾತನ ಮನೆಯಲ್ಲಿ ಉಳಿಯಿತು. ಇದನ್ನು ಹೇಳಿದಾಗ ದೊಡ್ಡಮ್ಮ, “ಶಾಸ್ತ್ರ ಇರಲಿ, ಅವರ ತಾಯಿಗೆ ಹೇಗಾಗಿರಬೇಡ” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಅವರಿಗೇ ಇನ್ನೊಂದು ನೆನಪಾಯಿತು. ಅಜ್ಜಿ ವರಮಹಾಲಕ್ಷ್ಮಿಯ ದಿನ ಕಲಶದ ಮುಂದೆ ದೇವಿಗೆ ಇಡುವ ರವಿಕೆ ಕಣದ ಜೊತೆ ಇನ್ನೊಂದು ಕಣ ಇಡುತ್ತಿದ್ದರು. ಯಾರಿಗೆ ಅಂತ ಕೇಳಿದರೆ ‘ಹಿರಿಯವರಿಗೆ’ ಅನ್ನುತ್ತಿದ್ದರು, ಅಷ್ಟೇ. ಅಮ್ಮ ಈಗಲೂ ಎರಡು ಕಣ ಇಡುತ್ತಾಳೆ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಜೋಡಿ ಇಡಬೇಕು, ಅದೇ ಪದ್ಧತಿ ಎಂದುಕೊಂಡಿದ್ದಳು.

ದೇವಸ್ಥಾನದ ಬೆಳ್ಳಿಯ ಮೇಲಿನ ಬರಹಗಳನ್ನು ಓದಿದವರಿಗೆ ಈ ಮೂರು ಸಾಲಿನ ಕಟ್ಟು ಪರಿಚಿತವೇ ಅನಿಸುತ್ತದೆ. ತಂಜಾವೂರಿನ ದೊಡ್ಡ ಗುಡಿಯ ಗೋಡೆಯಲ್ಲಿ ಹನ್ನೊಂದನೇ ಶತಮಾನದ ಆರಂಭದಲ್ಲಿ ರಾಜರಾಜ ಚೋಳ ಕೆತ್ತಿಸಿದ ಶಾಸನಗಳು ದೇವರಿಗೆ ಕೊಟ್ಟ ಚಿನ್ನ, ಬೆಳ್ಳಿ ಪಾತ್ರೆಗಳನ್ನು ಒಂದೊಂದಾಗಿ ತೂಕದ ಸಮೇತ ಪಟ್ಟಿ ಮಾಡುತ್ತವೆ. ಚಿನ್ನ ತೂಗಿದ ಕಲ್ಲಿಗೇ ‘ಆಡವಲ್ಲಾನ್’ ಎಂದು ನಟರಾಜನ ಹೆಸರಿತ್ತು. ನಮ್ಮ ಹತ್ತಿರದಲ್ಲೇ ಶ್ರೀರಂಗಪಟ್ಟಣದ ರಂಗನಾಥನ ಗುಡಿಯಲ್ಲಿ ಟಿಪ್ಪು ಸುಲ್ತಾನ ಕೊಟ್ಟ ಏಳು ಬೆಳ್ಳಿ ಬಟ್ಟಲು ಮತ್ತು ಒಂದು ಕರ್ಪೂರದಾರತಿ, ನಂಜನಗೂಡಿನ ಹತ್ತಿರದ ಕಳಲೆಯ ಲಕ್ಷ್ಮೀಕಾಂತ ಗುಡಿಯಲ್ಲಿ ನಾಲ್ಕು ಬಟ್ಟಲು, ತಟ್ಟೆ, ಪೀಕದಾನಿ ದಾಖಲಾಗಿವೆ. ಯಾರು ಕೊಟ್ಟರು, ಯಾರಿಗೆ, ಎಷ್ಟು ತೂಕ, ಯಾವಾಗ ಎಂಬ ನಾಲ್ಕೇ ಸಂಗತಿ ಅಲ್ಲೂ ಬೇಕಾದ್ದು. ಮನೆಯ ಬೆಳ್ಳಿಯಲ್ಲಿ ಕೊಟ್ಟವರ ಹೆಸರು ಮಾತ್ರ ಹೆಚ್ಚಾಗಿ ಇರುವುದಿಲ್ಲ. ಅಪ್ಪ ಅಮ್ಮ ತಮ್ಮ ಹೆಸರು ಯಾಕೆ ಹಾಕಿಸಿಕೊಳ್ಳುತ್ತಾರೆ? ಇನ್ನೊಂದು ವ್ಯತ್ಯಾಸ ಶಾಪಾಶಯದ್ದು. ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಕಲ್ಲಿನಲ್ಲಿ ಬರೆಯುತ್ತಿದ್ದರು. ಚೊಂಬಿನ ಮೇಲೂ ಅಂಥದೊಂದು ಸಾಲಿದ್ದಿದ್ದರೆ ಅಮ್ಮ ಅದನ್ನು ಅಂಗಡಿಗೆ ಒಯ್ಯುತ್ತಿರಲಿಲ್ಲ.

ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ದೇವಸ್ಥಾನದ ಗಂಟೆ, ಪಾತ್ರೆ, ಆಭರಣಗಳ ಮೇಲಿನ ಬರಹಗಳಿಗೂ ಸಂಖ್ಯೆ ಸಿಕ್ಕಿದೆ. ಮನೆಯ ಬೆಳ್ಳಿಗೆ ಅಂಥ ಸಂಖ್ಯೆ ಸಿಗುವುದಿಲ್ಲ, ಮತ್ತು ಅದು ಕಲ್ಲಿನ ಹಾಗೆ ಕಾದು ಕೂರುವುದಿಲ್ಲ. ಶ್ರಾವಣ ಬಂತೆಂದರೆ ಹಳೇ ಬೆಳ್ಳಿ ಕೊಟ್ಟು ಹೊಸದು ತರುವ ಕಾಲ. ಹೊಸದರ ಮೇಲೂ ಬರಹ ಇರುತ್ತದೆ: 2005ರಿಂದ ಬೆಳ್ಳಿಗೂ ಬಂದಿರುವ ಹಾಲ್‌ಮಾರ್ಕ್, 925 ಎಂದೋ 990 ಎಂದೋ ಅಂಕಿ. ಅದು ಲೋಹದ ಗುಣ ಹೇಳುತ್ತದೆ, ಯಾರದ್ದು ಎಂದು ಹೇಳುವುದಿಲ್ಲ. ಕೊಡುವುದೇ ಆದರೆ, ಕೊಡುವ ಮುಂಚೆ ಕಂಠದ ಕೆಳಗೆ, ತಳದ ಬಳೆ, ತಟ್ಟೆಯ ಹಿಂಬದಿ, ಉದ್ಧರಣೆಯ ಹಿಡಿ ಇಷ್ಟನ್ನು ಒಮ್ಮೆ ಪಕ್ಕದ ಬೆಳಕಿನಲ್ಲಿ ನೋಡಿ, ಫೋಟೋ ತೆಗೆದು, ಇವತ್ತಿನ ತೂಕವನ್ನೂ ಬರೆದಿಡಿ. ಒಂದು ಮನೆಯ ಎರಡು ಪಾತ್ರೆಗಳು ಇಬ್ಬರ ಪಾಲಾಗಿದ್ದರೆ ಎರಡನ್ನೂ ನೋಡಬೇಕು. ಚೊಂಬು ಹೇಳದ ವರ್ಷವನ್ನು ತಟ್ಟೆ ಹೇಳಿತು.

ನಮ್ಮ ಮನೆಯಲ್ಲಿ ಬಟ್ಟಲು ಮತ್ತು ಮುರಿದ ದೀಪ ಹೋದವು. ಅದಕ್ಕೆ ಬಂದದ್ದು ಅಂಗೈಯಗಲದ ಚಿಕ್ಕ ಮುಖವಾಡ. ಕೈ, ಪಾದ ಬರಲಿಲ್ಲ. ಅಮ್ಮನಿಗೆ ಸ್ವಲ್ಪ ಬೇಜಾರಿತ್ತು, ಮುಚ್ಚಿಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅದೇ ಚೊಂಬಿಗೆ ಅಕ್ಕಿ ತುಂಬಿ ಸೀರೆ ಉಡಿಸಿದಳು, ಮುಂದೆ ಎರಡು ಕಣ ಇಟ್ಟಳು. ಎರಡನೆಯದು ಯಾರಿಗೆ ಎಂದು ನನ್ನ ಮಗಳು ಕೇಳಿದಾಗ ಅಮ್ಮ ಹೆಸರು ಹೇಳಿದಳು.

ಒಂದು ಬಾಕಿ ಇದೆ. ದೊಡ್ಡಮ್ಮನ ಮನೆಯ ಉದ್ಧರಣೆಯ ಹಿಡಿಯ ಮೇಲೆ ‘ದ॥ ತ॥’ ಎಂದು ಎರಡೇ ಅಕ್ಷರಗಳಿವೆ. ಸೊನ್ನೆ ಇಲ್ಲದ್ದರಿಂದ ಕೈ ಅದೇ ಹೌದೋ ಅಲ್ಲವೋ ಹೇಳಲಾರೆ. ದತ್ತಿ ಎಂದು ಒಬ್ಬರು, ಊರಿನ ಹೆಸರು ಎಂದು ಇನ್ನೊಬ್ಬರು. ‘ಸೌ॥’ ಇಲ್ಲ, ಆದ್ದರಿಂದ ಹೆಂಗಸಿನ ಹೆಸರು ಎಂದೂ ಹಟ ಮಾಡುವ ಹಾಗಿಲ್ಲ. ತಿಪಟೂರಿನಲ್ಲಿ ದೊಡ್ಡಮ್ಮನ ಅತ್ತಿಗೆ ಇದ್ದಾರೆ, ಅವರ ಹತ್ತಿರ ಪಂಚಪಾತ್ರೆಯ ಜೋಡಿ ಇನ್ನೊಂದಿದೆಯಂತೆ. ದೀಪಾವಳಿಗೆ ಅವರು ಬೆಳ್ಳಿ ಉಜ್ಜುವುದಕ್ಕೆ ಮುಂಚೆ ಹೋಗಬೇಕು.